ಗಂಜಿನ ಪಟ್ಟಿಯೂ ಬಯೋಡೇಟಾಕ್ಕೆ ಬರಲಿ

ನಾನು ಸೇಡಂ ಕಡೆಯವಳು. ನಮ್ಮ ಮನೆಯಿಂದ ಕಂಪನಿ ಕೆಲಸಕ್ಕೆ ಹೋದವರಲ್ಲಿ ನಾನೇ ಮೊದಲು. ಈಗ ಬೆಂಗಳೂರಿನಲ್ಲಿ ಸಂಬಳದ ಲೆಕ್ಕ ನೋಡುವ ಕೆಲಸ. ಹಬ್ಬಕ್ಕೆ ಬಂದಾಗಲೆಲ್ಲ ಕಲಬುರಗಿಯಲ್ಲಿ ಡಿಗ್ರಿ ಓದುತ್ತಿರುವ ಹುಡುಗ ಹುಡುಗಿಯರ ಜೊತೆ ಎರಡು ದಿನ ಕೂತು, ಅವರನ್ನು ಕೆಲಸ ಹುಡುಕಲು ತಯಾರು ಮಾಡುತ್ತೇನೆ. ನೀವೂ ನನ್ನ ಹಾಗೆ ಊರು ಬಿಟ್ಟು ಕೆಲಸ ಹಿಡಿದವರಾದರೆ ಇದನ್ನು ಮಾಡಬಹುದು. ಬೇಕಾಗುವುದು ಸಮಯ, ಒಂದು ಫೋನು, ಅಷ್ಟೇ.

ಮೊದಲು ಮಾತಾಡಿಸಿ. ‘ನಿನಗೆ ಏನು ಬರುತ್ತೆ’ ಅಂತ ಮಾತ್ರ ಕೇಳಬೇಡಿ. ‘ಏನೂ ಬರಂಗಿಲ್ರಿ ಅಕ್ಕಾ’ ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ‘ಮನೆಯಲ್ಲಿ ಯಾವ ಕೆಲಸಕ್ಕೆ ನಿನ್ನನ್ನೇ ಕರೀತಾರೆ’ ಅಂತ ಕೇಳಿ. ಹೋದ ಯುಗಾದಿಗೆ ಒಬ್ಬ ಬಿ.ಕಾಂ. ಹುಡುಗಿಗೆ ಹೀಗೆ ಕೇಳಿದೆ. ‘ಗಂಜಿನಾಗ ತೊಗರಿ ಮಾರಿದ ಪಟ್ಟಿ ನಾನ ನೋಡ್ತೀನ್ರಿ, ಅಪ್ಪಗ ಓದಾಕ ಬರಂಗಿಲ್ಲ’ ಅಂದಳು. ಗಂಜು ಅಂದರೆ ನಮ್ಮ ಕಡೆ ದವಸ ಮಾರುವ ಮಾರುಕಟ್ಟೆ, ಪಟ್ಟಿ ಅಂದರೆ ಅಲ್ಲಿನ ಅಡತಿಯವರು, ಅಂದರೆ ದಲ್ಲಾಳಿಗಳು, ಕೊಡುವ ಮಾರಾಟದ ಲೆಕ್ಕದ ಚೀಟಿ. ಮರುದಿನ ಅದರ ನೋಟ್‌ಬುಕ್ ತಂದಳು. ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿ ಎಷ್ಟು ಹಿಡಿದರು, ಅಡತಿಯವರ ಹತ್ತಿರ ಮೊದಲೇ ತಂದ ದುಡ್ಡು ಎಷ್ಟು ಕಡಿತವಾಯಿತು, ಎಲ್ಲವೂ ಸಾಲಾಗಿ ಬರೆದಿತ್ತು. ಒಂದು ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿತ್ತು. ‘ಎರಡು ಚೀಲದ ಹಮಾಲಿ ಜಾಸ್ತಿ ಹಿಡಿದಿದ್ರು, ಕೇಳಿ ವಾಪಸ್ ತಂದೀನ್ರಿ’ ಅಂದಳು.

ನಮ್ಮ ಆಫೀಸಿನಲ್ಲಿ ದಿನಾ ನಡೆಯುವುದು ಇದೇ ಕೆಲಸ, ಅಲ್ವಾ? ಆದರೆ ಅವಳ ಬಯೋಡೇಟಾದಲ್ಲಿ ಝೆರಾಕ್ಸ್ ಅಂಗಡಿಯವರು ಹಾಕಿಕೊಟ್ಟ ಹವ್ಯಾಸಗಳ ಪಟ್ಟಿ ಮಾತ್ರ ಇತ್ತು. ಅದನ್ನು ತೆಗೆದು, ‘4 ವರ್ಷ ಮನೆಯ ತೊಗರಿ ಮಾರಾಟದ ಲೆಕ್ಕ ಇಟ್ಟಿದ್ದೇನೆ, ಪಟ್ಟಿಯ ಜೊತೆ ತಾಳೆ ನೋಡಿ ತಪ್ಪು ಹಿಡಿದು ಸರಿಪಡಿಸಿದ್ದೇನೆ’ ಅಂತ ಬರೆದೆವು. ಆ ಸಾಲನ್ನು ಅವಳು ಮೂರು ಸಲ ಓದಿಕೊಂಡಳು.

ಇಂಟರ್‌ವ್ಯೂ ಅಭ್ಯಾಸವನ್ನು ಮನೆ ಮಾತಿನಲ್ಲೇ ಶುರು ಮಾಡಿಸಿ. ಕನ್ನಡವೋ, ಉರ್ದುವೋ, ಲಂಬಾಣಿಯೋ, ವಿಷಯ ಮೊದಲು ಬಾಯಿಗೆ ಬರಲಿ. ಇಂಗ್ಲಿಷ್ ಆಮೇಲೆ, ಸಣ್ಣ ಸಣ್ಣ ವಾಕ್ಯದಲ್ಲಿ. ವಿಡಿಯೊ ಇಂಟರ್‌ವ್ಯೂ ಇದ್ದರೆ ಫೋನನ್ನು ಕಿಟಕಿಯ ಹತ್ತಿರ ಡಬ್ಬಿಗಳ ಮೇಲೆ ಕಣ್ಣಿನ ಎತ್ತರಕ್ಕೆ ಇಡಲು ಹೇಳಿ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಅಲ್ಲ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿ. ನನ್ನ ಅಂಕಪಟ್ಟಿಯಲ್ಲಿ ಇನಿಷಿಯಲ್ ಇತ್ತು, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಅಷ್ಟಕ್ಕೇ ಮೊದಲ ಕಂಪನಿಯಲ್ಲಿ ಸೇರುವುದು ಮೂರು ವಾರ ತಡವಾಯಿತು. ಆ ಮೂರು ವಾರ ಅಪ್ಪ ನಿದ್ದೆ ಮಾಡಲಿಲ್ಲ. ಫೈನಲ್ ಇಯರ್ ಶುರುವಿನಲ್ಲೇ ಸರಿ ಮಾಡಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಹಾಗಾಗಿ ಮೊದಲ ಸಲವೇ ಅಂಕಪಟ್ಟಿಯಂತೆ ಮಾಡಿಸುವುದು ಒಳ್ಳೆಯದು. ಕೆಲಸ ಕೊಡಿಸಲು ದುಡ್ಡು ಕೇಳಿದರೆ, ಅಸಲು ಅಂಕಪಟ್ಟಿ ಒತ್ತೆ ಇಡು ಅಂದರೆ, ಅಲ್ಲಿಂದ ಎದ್ದು ಬರಲು ಹೇಳಿ.

ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಬಗ್ಗೆಯೂ ಬಿಡಿಸಿ ಹೇಳಿ. ಆ ಮೀಸಲಾತಿ ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಖಾಸಗಿ ಕಂಪನಿ ಅದನ್ನು ನೋಡುವುದಿಲ್ಲ.

ದುಡ್ಡಿನ ಮಾತನ್ನು ಯಾರೂ ಆಡುವುದಿಲ್ಲ, ನೀವು ಆಡಿ. ಸಿಟಿಸಿಯನ್ನು, ಅಂದರೆ ಕಂಪನಿ ಒಬ್ಬರ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚನ್ನು, 12ರಿಂದ ಭಾಗಿಸಿ ಮನೆಗೆ ಕಳಿಸುವ ಲೆಕ್ಕ ಹಾಕಿಬಿಡುತ್ತಾರೆ. ಮೂಲ ವೇತನದ ಶೇ 12 ಪಿಎಫ್‌ಗೆ ಹೋಗುತ್ತೆ, ಕಂಪನಿ ಕಟ್ಟುವ ಪಾಲನ್ನೂ ಸಾಮಾನ್ಯವಾಗಿ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ತಿಂಗಳ ಕೊನೆಗೆ ಸೇರಿದರೆ ಸಂಬಳ ಮುಂದಿನ ತಿಂಗಳಿಗೆ ಹೋಗಬಹುದು. ಪಿಜಿ ಅಡ್ವಾನ್ಸ್, ಬಸ್ ಖರ್ಚು, ಊಟ ಮಾತ್ರ ಮೊದಲ ದಿನದಿಂದಲೇ ಬೇಕು. ನಾವು ಆರು ಜನ ಸೇರಿ ಒಂದಿಷ್ಟು ದುಡ್ಡು ತೆಗೆದಿಟ್ಟಿದ್ದೇವೆ. ಹೊಸದಾಗಿ ಹೋಗುವವರು ತಗೊಂಡು, ಮೂರನೇ ಸಂಬಳದಿಂದ ವಾಪಸ್ ಕೊಡುತ್ತಾರೆ.

ಸೇರಿದ ಮೊದಲ ವಾರ ದಿನಾ ರಾತ್ರಿ ಫೋನ್ ಮಾಡಿ. ‘ಚೆನ್ನಾಗಿದೀಯಾ’ ಅಂತ ಸುಮ್ನೆ ಕೇಳಿ ಇಟ್ಟುಬಿಡಬೇಡಿ, ಸ್ವಲ್ಪ ಹೊತ್ತು ಮಾತು ಎಳೆಯಿರಿ. ಆ ತೊಗರಿ ಪಟ್ಟಿಯ ಹುಡುಗಿ ಎರಡನೇ ರಾತ್ರಿ, ಅದೂ ಇದೂ ಮಾತಾಡಿ ಕೊನೆಗೆ ಮೆಲ್ಲಗೆ ಕೇಳಿದಳು: ‘ಊಟದ ಟೈಮಿಗೆ ಯಾರನ್ನೂ ಕೇಳದ ಎದ್ದು ಹೋಗಬೌದೇನ್ರಿ ಅಕ್ಕಾ?’ ಎರಡು ದಿನ ಅವಳು ಮಧ್ಯಾಹ್ನ ಊಟ ಮಾಡಿರಲಿಲ್ಲ.