ಒಂಟಿ ಕಣಜ ಮೊಟ್ಟೆ ಇಟ್ಟಿತು: ಡಬ್ಬಿ ಪ್ರಯೋಗದ ನನ್ನ ಅನುಭವ

ಗೂಡಿನಿಂದ ಬೇರ್ಪಡಿಸಿದ ಕೆಲಸಗಾರ ಕಣಜ ಸಾಯುತ್ತದೆಯೇ ಹೊರತು ಗೂಡು ಕಟ್ಟುವುದಿಲ್ಲ ಎಂದವರೇ ಹೆಚ್ಚು. ಕಟ್ಟಿತು. ಆಗತಾನೆ ಹುಟ್ಟಿದ ಹೆಣ್ಣನ್ನು ಒಂದೊಂದಾಗಿ ಇಟ್ಟ 64 ಡಬ್ಬಿಗಳಲ್ಲಿ 30ರ ಆಸುಪಾಸಿನಲ್ಲಿ ಮೊಟ್ಟೆ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರ ತಂಡ ಇದೇ ಜಾತಿಯಲ್ಲಿ, ಅಂದರೆ ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯ ಮಾರ್ಜಿನೇಟಾ ಕಣಜದಲ್ಲಿ, ಕಂಡದ್ದೂ ಹೆಚ್ಚುಕಡಿಮೆ ಅರ್ಧವೇ.

ಗೂಡು ತರುವುದು ಕತ್ತಲಾದ ಮೇಲೆ, ಹೊರಗೆ ಹೋದವೆಲ್ಲ ಮರಳಿರಬೇಕು. ಪಾರದರ್ಶಕ ಚೀಲ ಮುಚ್ಚಿ ತೊಟ್ಟು ಕತ್ತರಿಸಿ, ಬಲೆ ಹೊದಿಸಿದ ಒಂದೂವರೆ ಅಡಿ ಪಂಜರದ ಸೂರಿಗೆ ಅಂಟಿಸಿ. ಯಾವ ಅಂಟು, ಎಷ್ಟು ಹೊತ್ತು ಒಣಗಿಸಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಗೂಡು ಕೆಳಗೆ ಬಿದ್ದ ಮೇಲೆ ಸಿಕ್ಕಿದ ಹದ ಅದು. ಇದ್ದ ಕಣಜಗಳ ಬೆನ್ನಿಗೆಲ್ಲ ಎನಾಮಲ್ ಬಣ್ಣದ ಚುಕ್ಕೆ ಇಟ್ಟರೆ, ಮರುದಿನದಿಂದ ಚುಕ್ಕೆಯಿಲ್ಲದ್ದು ಹೊಸದಾಗಿ ಹುಟ್ಟಿದ್ದು. ಹೆಣ್ಣಾದರೆ ಅಂದೇ ಡಬ್ಬಿಗೆ, ಒಂದಕ್ಕೊಂದು ಬೇರೆ.

ಡಬ್ಬಿ 22 ಸೆಂ.ಮೀ. ಉದ್ದ, 11 ಅಗಲ, 11 ಎತ್ತರ, ಗಾಳಿಗೆ ತೂತು. ಒಳಗೆ ನೀರು, ಜೇನು, ಮರಿಹುಳು, ಒಂದು ತುಂಡು ಮೆದು ಮರ. ಮೊದಲ ಸುತ್ತಿನ 20 ಡಬ್ಬಿಯೂ ಹಾಳಾದದ್ದು ಮರದಿಂದಲೇ. ಗಟ್ಟಿ ಹಲಗೆಯ ಚೂರು ಇಟ್ಟಿದ್ದೆ, ಕಣಜಕ್ಕೆ ನಾರು ಕೆರೆಯಲು ಆಗಲಿಲ್ಲ, ಗೂಡಿಗೆ ಕಾಗದವೇ ಇಲ್ಲ. ಎರಡನೆಯ ಸುತ್ತಿನಲ್ಲಿ ಜೇನನ್ನು ಬಟ್ಟಲಲ್ಲಿ ಸುರಿದೆ, ರೆಕ್ಕೆ ಅಂಟಿ 7 ಸತ್ತವು. ಈಗ ಹತ್ತಿಗೆ ಅದ್ದಿ ಇಡುತ್ತೇನೆ, ದಿನ ಬಿಟ್ಟು ದಿನ ಬದಲು, ಇಲ್ಲದಿದ್ದರೆ ಬೂಸ್ಟು.

ದುಡ್ಡು ಹೋಗುವುದು ಮೇವಿಗೆ. ಅಕ್ಕಿ ಪತಂಗದ (ಕೋರ್ಸಿರಾ) ಮರಿಹುಳು ಕೊಂಡರೆ ಕೈ ಸುಡುತ್ತದೆ, ಸಾಕಿಕೊಳ್ಳಿ: ಎರಡೂವರೆ ಕೆ.ಜಿ. ನುಚ್ಚು ಸಜ್ಜೆ, 100 ಗ್ರಾಂ ಶೇಂಗಾ ಪುಡಿ, 5 ಗ್ರಾಂ ಯೀಸ್ಟ್, 5 ಗ್ರಾಂ ಗಂಧಕ. ಗಂಧಕ ಬಿಟ್ಟರೆ ನುಸಿ ಬರುತ್ತದೆ. ಟ್ರೇ ಮುಚ್ಚುವ ಬಟ್ಟೆಯಲ್ಲಿ ಸಂದು ಉಳಿದರೆ ಮರಿಹುಳುವನ್ನು ಕೊಲ್ಲುವ ಬ್ರಾಕಾನ್ ಎಂಬ ಪುಟ್ಟ ಪರಾವಲಂಬಿ ಕಣಜ ನುಗ್ಗಿ ಇಡೀ ಟ್ರೇ ಮುಗಿಸುತ್ತದೆ; ಎರಡು ಟ್ರೇ, ಸುಮಾರು 600 ರೂಪಾಯಿ, ಹಾಗೆ ಹೋಯಿತು. ಪಂಜರದ ಕಾಲಿಗೆ ಎಣ್ಣೆ ನೀರಿನ ಬಟ್ಟಲು ಇಡಿ, ಇರುವೆ ಹತ್ತದಂತೆ. ಬಯಲಲ್ಲಿ ಗೂಡು ಇಡುವವರು ಗೂಡು ದೋಚುವ ದೊಡ್ಡ ಕಣಜ ವೆಸ್ಪಾ ಟ್ರಾಪಿಕಾ ತೂರದಷ್ಟು, ನಮ್ಮ ಕಣಜ ತೂರುವಷ್ಟು ಕಣ್ಣಿನ ಬಲೆ ಹುಡುಕಬೇಕು.

ಮೂರು ವಾರ ಏನೂ ಕಾಣದಿದ್ದರೆ ಡಬ್ಬಿ ಖಾಲಿ ಮಾಡಬೇಡಿ. ಕೆಲವು ತಿಂಗಳುಗಟ್ಟಲೆ ಕಾಯಿಸುತ್ತವೆ. ಗಂಡು ಸೇರದ ಹೆಣ್ಣಾದ್ದರಿಂದ ಆ ಮೊಟ್ಟೆಯಿಂದ ಗಂಡೇ ಬರುವುದು, ಆದರೆ ನಮಗೆ ಬೇಕಿರುವುದು ಇಡಬಲ್ಲದೇ ಎಂಬುದಷ್ಟೆ. ಹುಟ್ಟಿದ ದಿನ ತಾಯಿಗೂಡಿನಲ್ಲಿ ಖಾಲಿ ಕೋಣೆ ಎಷ್ಟಿತ್ತೆಂದು ಬರೆದಿಡಿ. ಅದಕ್ಕೂ ಮೊಟ್ಟೆ ಇಡುವುದಕ್ಕೂ ನಂಟಿದೆ, ಅಂದರೆ ಮರಿಯಾಗಿದ್ದಾಗಲೇ ಅರ್ಧ ತೀರ್ಮಾನ ಆಗಿರುತ್ತದೆ. ಅಕ್ಕತಂಗಿಯರ ನಡುವೆ 0.75 ಸಂಬಂಧ (ಮುಕ್ಕಾಲು ಪಾಲು ವಂಶವಾಹಿ ಒಂದೇ) ಎಂಬ ಲೆಕ್ಕವೊಂದನ್ನೇ ನೆಚ್ಚಿ, ತಾನು ಮೊಟ್ಟೆ ಇಡದೆ ರಾಣಿಯ ಮರಿ ಸಾಕುವ ಕೆಲಸಗಾರರ ತ್ಯಾಗವನ್ನು ವಿವರಿಸುವವರು ಇದನ್ನು ನೋಡಬೇಕು. ರಾಣಿ ಒಂದಕ್ಕಿಂತ ಹೆಚ್ಚು ಗಂಡನ್ನು ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಾರೆ, ಆ 0.75 ಗೂಡಿನಲ್ಲಿ ಉಳಿಯುವುದೇ ಇಲ್ಲ. ಕೂಡಿ ಬಾಳುವುದಕ್ಕೆ ಬೇರೆ ಕಾರಣವೂ ಇದೆ: ಒಂಟಿಯಾಗಿ ಗೂಡು ಹಾಕಿದವಳು ಮರಿ ಬಲಿಯುವ ಮೊದಲೇ ಸತ್ತರೆ ಪಟ್ಟ ಪಾಡೆಲ್ಲ ನೀರುಪಾಲು; ಕೂಡಿದ ಗೂಡಿನಲ್ಲಿ ಅವಳು ಅರ್ಧ ಸಾಕಿದ ಮರಿಯನ್ನು ಇನ್ನೊಬ್ಬಳು ಬೆಳೆಸುತ್ತಾಳೆ.

ನಡುವೆ ರಾಣಿಯನ್ನೂ ತೆಗೆದು ನೋಡಿದೆ. ಅರ್ಧ ಗಂಟೆಯೊಳಗೆ ಒಬ್ಬಳು ಎಲ್ಲರ ಮೇಲೂ ಎರಗತೊಡಗಿದಳು, ವಾರದ ಹೊತ್ತಿಗೆ ಮೊಟ್ಟೆ ಇಟ್ಟಳು. ಇನ್ನೊಂದು ಗೂಡಿನಲ್ಲಿ ಅದೇ ದಿನ ರಾಣಿಯನ್ನು ಮರಳಿಸಿದಾಗ ಎರಗುತ್ತಿದ್ದವಳು ತಣ್ಣಗಾಗಿ ಕೆಲಸಕ್ಕೆ ಹೋದಳು.