ಬಿಳಿ ವೈನಿನ ಸಾಂಗ್ರಿಯಾ: ಯಾವುದನ್ನು ಯಾವಾಗ ಹಾಕಬೇಕು

ಮ್ಯಾಡ್ರಿಡ್‌ನಲ್ಲಿ ನಾನು ಸಂಸಾರ ಹೂಡಿ 28 ವರ್ಷಗಳಾದವು. ಜುಲೈನಲ್ಲಿ ಇಲ್ಲಿನ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು, ಮಧ್ಯಾಹ್ನದ ಊಟಕ್ಕೆ ಕೂರುವುದೇ ಎರಡೂವರೆ ಮೂರು ಗಂಟೆಗೆ. ಅಂಥ ಹೊತ್ತಿನಲ್ಲಿ ನೆಂಟರಿಷ್ಟರು ಸೇರಿದಾಗ ನಾನು ಬಿಳಿ ವೈನಿನ ಸಾಂಗ್ರಿಯಾ, ಅಂದರೆ ವೈನಿನಲ್ಲಿ ಹಣ್ಣಿನ ಹೋಳುಗಳನ್ನು ನೆನೆಹಾಕಿದ ತಂಪು ಪಾನೀಯ, ಮಾಡುತ್ತೇನೆ. ಸಾಂಗ್ರಿಯಾ ಎಂಬ ಹೆಸರು ರಕ್ತ ಎಂಬ ಅರ್ಥದ ‘ಸಾಂಗ್ರೆ’ ಎಂಬ ಸ್ಪ್ಯಾನಿಷ್ ಪದದಿಂದ ಬಂದದ್ದು, ಹಾಗಾಗಿ ಅದು ಮೂಲತಃ ಕೆಂಪು ವೈನಿನದೇ. ಬಿಳಿಯದನ್ನು ಜನ ‘ಸಾಂಗ್ರಿಯಾ ಬ್ಲಾಂಕಾ’ ಎನ್ನುತ್ತಾರೆ. ಐರೋಪ್ಯ ಒಕ್ಕೂಟದ 2014ರ ನಿಯಮಾವಳಿಯಲ್ಲಿ ಮಾತ್ರ ಅದಕ್ಕೆ ‘ಕ್ಲಾರೆಯಾ’ ಎಂಬ ಬೇರೆಯದೇ ಹೆಸರಿದೆ.

ಹೊಸದಾಗಿ ಮಾಡುವವರು ಕೆಂಪು ವೈನಿನ ಅಳತೆಯನ್ನೇ ಬಿಳಿಯದಕ್ಕೂ ಹಿಡಿಯುತ್ತಾರೆ, ಅದು ಸಲ್ಲದು. ಕೆಂಪು ವೈನಿನ ಒಗರು ದಾಲ್ಚಿನ್ನಿ, ಬ್ರಾಂದಿ, ಹೆಚ್ಚು ಸಕ್ಕರೆ ಎಲ್ಲವನ್ನೂ ತಾಳಿಕೊಳ್ಳುತ್ತದೆ. ಬಿಳಿ ವೈನಿಗೆ ಆ ಆಸರೆಯಿಲ್ಲ, ಹಾಕಿದ ಪ್ರತಿಯೊಂದೂ ನಾಲಗೆಗೆ ನೇರವಾಗಿ ತಿಳಿಯುತ್ತದೆ. ಆದ್ದರಿಂದ ಸಿಹಿಯಿಲ್ಲದ, ಹುಳಿ ಚುರುಕಾಗಿರುವ, ಓಕ್ ಪೀಪಾಯಿಯಲ್ಲಿ ಇಟ್ಟಿರದ ವೈನನ್ನೇ ಆರಿಸಬೇಕು. ಇಲ್ಲಿ ರುವೇದಾ ಪ್ರಾಂತದ ವೆರ್ದೇಹೋ ದ್ರಾಕ್ಷಿಯ ವೈನ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನ ನನ್ನ ತಂಗಿ ನಂದಿ ಬೆಟ್ಟದ ಸೀಮೆಯ ಸೋವಿನ್ಯಾನ್ ಬ್ಲಾಂಕ್ ತಂದು ಮಾಡುತ್ತಾಳೆ, ಅದೂ ಚೆನ್ನಾಗಿಯೇ ಹೊಂದುತ್ತದೆ. ದುಬಾರಿ ಬಾಟಲಿಯನ್ನು ಇದಕ್ಕೆ ಒಡೆಯುವುದು ದಂಡ.

750 ಮಿಲಿಲೀಟರಿನ ಒಂದು ಬಾಟಲಿಗೆ ಒಂದು ಕಿತ್ತಳೆ, ಅರ್ಧ ನಿಂಬೆ, ಒಂದು ಹಸಿರು ಸೇಬು, ಎರಡು ಗಟ್ಟಿ ಪೀಚ್ ಸಾಕು. ಬೇಸಿಗೆಯಲ್ಲಿ ಇಲ್ಲಿ ಸಿಗುವ ಪರಾಗ್ವಾಯೋ ಎಂಬ ಚಪ್ಪಟೆ ಪೀಚ್ ಸಿಕ್ಕರಂತೂ ಬೇರೆ ಪರಿಮಳವೇ ಬೇಡ. ಪೀಚ್ ಸಿಗದ ಕಡೆ ಮರಸೇಬನ್ನು ಹಾಕಬಹುದು. ಮಾವಿನ ಹೋಳುಗಳನ್ನು ಹಾಕುವುದಾದರೆ ಬಡಿಸುವ ಅರ್ಧ ಗಂಟೆ ಮೊದಲಷ್ಟೇ ಹಾಕಿ, ಇಲ್ಲವಾದರೆ ಅವು ಕರಗಿ ಪಾನೀಯವೆಲ್ಲ ಬಗ್ಗಡವಾಗುತ್ತದೆ. ಬಾಳೆಹಣ್ಣು ಇದಕ್ಕೆ ಸೇರದು.

ಸಕ್ಕರೆಯನ್ನು ನೇರವಾಗಿ ತಣ್ಣನೆಯ ವೈನಿಗೆ ಸುರಿದರೆ ಅದು ಕರಗದೆ ತಳದಲ್ಲಿ ಕೂರುತ್ತದೆ, ಮೊದಲ ಲೋಟ ಸಪ್ಪೆಯಾಗಿ ಕೊನೆಯ ಲೋಟ ಅತಿಸಿಹಿಯಾಗುತ್ತದೆ. ಸಮಸಮ ಸಕ್ಕರೆ, ನೀರು ಬೆರೆಸಿ ಒಲೆಯ ಮೇಲಿಟ್ಟು, ಒಂದೆಳೆ ಪಾಕ ಬರುವುದಕ್ಕೆ ಬಹಳ ಮೊದಲೇ, ಸಕ್ಕರೆ ಕರಗಿದ ಕೂಡಲೇ ಇಳಿಸಿ ಪೂರ್ತಿ ಆರಿಸಿಕೊಳ್ಳಿ. ಮೂರು ದೊಡ್ಡ ಚಮಚ ಹಾಕಿ ರುಚಿ ನೋಡಿ, ಬೇಕಾದರೆ ಆಮೇಲೆ ಸೇರಿಸಬಹುದು. ಬ್ರಾಂದಿ 50 ಮಿಲಿಲೀಟರ್ ಮೀರಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಕಿತ್ತಳೆಯ ವಿಷಯ. ಮೊದಲ ಬೇಸಿಗೆಯಲ್ಲಿ ನಾನು ಕಿತ್ತಳೆಯನ್ನು ಸಿಪ್ಪೆ ಸಮೇತ ಬಿಲ್ಲೆಗಳಾಗಿ ಕೊಯ್ದು ರಾತ್ರಿಯಿಡೀ ನೆನೆಹಾಕಿದ್ದೆ. ಬೆಳಿಗ್ಗೆ ನೋಡಿದರೆ ನೋಟಕ್ಕೆ ಬಹಳ ಚೆಂದ, ಬಾಯಿಗಿಟ್ಟರೆ ಹಾಗಲಕಾಯಿಯ ಕಹಿ. ಸಿಪ್ಪೆಯ ಒಳಮೈಗೆ ಅಂಟಿದ ಬಿಳಿ ಪದರವೇ ಅದಕ್ಕೆ ಕಾರಣ. ಅಂದಿನಿಂದ ಹೊರಗಿನ ಹಳದಿ ಭಾಗವನ್ನು ಮಾತ್ರ ತೆಳ್ಳಗೆ ಹೆರೆದು ಎರಡು ಪಟ್ಟಿ ಹಾಕುತ್ತೇನೆ, ಬಿಳಿ ಪದರವನ್ನು ಕಿತ್ತೆಸೆದು ತೊಳೆಗಳನ್ನಷ್ಟೇ ಸೇರಿಸುತ್ತೇನೆ. ಹಣ್ಣು, ಪಾಕ, ಬ್ರಾಂದಿ, ವೈನ್ ಬೆರೆತ ಮೇಲೆ ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ಗಂಟೆ ಇಟ್ಟರೆ ಸೇಬಿನ ಹೋಳಿನ ಅಂಚು ಗಾಜಿನಂತೆ ತಿಳಿಯಾಗುತ್ತದೆ, ಹದ ಬಂತೆಂದು ನಾನು ತಿಳಿಯುವುದು ಅದನ್ನು ನೋಡಿಯೇ.

ಪಾತ್ರೆ ಗಾಜಿನದೋ ಪಿಂಗಾಣಿಯದೋ ಆಗಿರಲಿ. ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ನಾವು ಹುಳಿ ಮಜ್ಜಿಗೆಯನ್ನು ಹೇಗೆ ಇಡುವುದಿಲ್ಲವೋ ಹಾಗೆಯೇ ಇದನ್ನೂ ಇಡಬಾರದು. ಮಂಜುಗಡ್ಡೆಯನ್ನು ಜಗ್‌ಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಎಲ್ಲ ನೀರಾಗುತ್ತದೆ, ಅದರ ಬದಲು ಬೀಜವಿಲ್ಲದ ಹಸಿರು ದ್ರಾಕ್ಷಿಯನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಟ್ಟು ಲೋಟಕ್ಕೆ ಐದಾರು ಹಾಕಿ. ಸುಮಾರು 250 ಮಿಲಿಲೀಟರ್ ತಣ್ಣನೆಯ ಸೋಡಾವನ್ನು ಸುರಿಯುವುದು ಅತಿಥಿಗಳು ಕುಳಿತ ಮೇಲೆ, ಇಲ್ಲದಿದ್ದರೆ ಅದರ ಗ್ಯಾಸ್ ಹಾರಿಹೋಗುತ್ತದೆ. ಪುದೀನವನ್ನೂ ಆಗಲೇ ಹಾಕಬೇಕು, ಹೆಚ್ಚು ಹೊತ್ತು ನೆನೆದರೆ ಎಲೆ ಕಪ್ಪಾಗುತ್ತದೆ.

ಇಷ್ಟು ಅಳತೆಯಲ್ಲಿ ಆರು ಜನರಿಗೆ ಒಂದೊಂದು ಲೋಟ ಬರುತ್ತದೆ. ಸೋಡಾ ಬೆರೆತ ಮೇಲೂ ಇದರಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಮದ್ಯಸಾರ ಉಳಿದಿರುತ್ತದೆ, ಅಂದರೆ ಬಿಯರಿಗಿಂತ ಜಾಸ್ತಿ. ಸಿಹಿಯಿಂದಾಗಿ ಕುಡಿಯುವವರಿಗೆ ಅದು ತಿಳಿಯುವುದಿಲ್ಲ. ಬಂದವರಿಗೆ ಇದನ್ನು ಮೊದಲೇ ಹೇಳಿ, ಗಾಡಿ ಓಡಿಸಬೇಕಾದವರಿಗೆ ಮತ್ತು ಮಕ್ಕಳಿಗೆ ನಿಂಬೆ ಪಾನಕದ ಜಗ್ ಬೇರೆಯೇ ಇಡಿ. ತಳದಲ್ಲಿ ಉಳಿದ ಹಣ್ಣು ವೈನನ್ನೂ ಬ್ರಾಂದಿಯನ್ನೂ ಹೀರಿಕೊಂಡಿರುತ್ತದೆ. ಊಟ ಮುಗಿದ ಮೇಲೆ ಆ ಜಗ್ಗನ್ನು ಮಕ್ಕಳ ಕೈಗೆಟಕುವಂತೆ ಮೇಜಿನ ಮೇಲೆ ಬಿಡದೆ ಎಲ್ಲಕ್ಕಿಂತ ಮೊದಲು ಎತ್ತಿ ಒಳಗಿಡಿ.