ಎದುರಾಳಿಯ ಮೂವತ್ತು ಕಾರ್ಡೂ ಗೊತ್ತಿದ್ದಾಗ

2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಹಾರ್ತ್‌ಸ್ಟೋನ್ ಅನ್ನುವ ಆನ್‌ಲೈನ್ ಕಾರ್ಡ್ ಆಟ ಪ್ರದರ್ಶನ ಸ್ಪರ್ಧೆಯಾಗಿತ್ತು. ನಮ್ಮ ದೇಶದ ತೀರ್ಥ್ ಮೆಹ್ತಾ ಅದರಲ್ಲಿ ಕಂಚು ಗೆದ್ದರು. ಆ ಸುದ್ದಿ ಓದಿದ ಹುರುಪಿನಲ್ಲೇ ನಾನು ಆನ್‌ಲೈನ್ ಟೂರ್ನಿಗಳಿಗೆ ಹೆಸರು ಕೊಡಲು ಶುರು ಮಾಡಿದೆ.

ಈ ಆಟದಲ್ಲಿ ಆಟಗಾರ ತಾನೇ ಕಟ್ಟಿಕೊಂಡು ಬರುವ ಒಂದು ಡೆಕ್‌ಗೆ 30 ಕಾರ್ಡ್. ಒಂದೇ ಕಾರ್ಡನ್ನು ಎರಡಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಲೆಜೆಂಡರಿ ದರ್ಜೆಯ ಕಾರ್ಡ್ ಆದರೆ ಒಂದೇ. ನಾನು ಆಡುತ್ತಿದ್ದದ್ದು ಕಾಂಕ್ವೆಸ್ಟ್ ಮಾದರಿ: ಬೇರೆ ಬೇರೆ ಕ್ಲಾಸಿನ (ಅಂದರೆ ಹೀರೋ ಪಾತ್ರದ) ನಾಲ್ಕು ಡೆಕ್ ತರಬೇಕು, ಎದುರಾಳಿ ಒಂದನ್ನು ಬ್ಯಾನ್ ಮಾಡುತ್ತಾನೆ, ಉಳಿದ ಮೂರರಲ್ಲೂ ಒಂದೊಂದು ಆಟ ಗೆಲ್ಲಬೇಕು.

ಮೊದಮೊದಲು ಆಡಿದ ಟೂರ್ನಿಗಳಲ್ಲಿ ಡೆಕ್ ಲಿಸ್ಟ್, ಅಂದರೆ ಡೆಕ್‌ನಲ್ಲಿ ಯಾವ ಯಾವ ಕಾರ್ಡ್ ಇದೆ ಅನ್ನುವ ಪಟ್ಟಿ, ಯಾರಿಗೂ ತೋರಿಸುತ್ತಿರಲಿಲ್ಲ. ನನಗೆ ಅದೇ ಇಷ್ಟ. ಬೇರೆಯವರು ಹಾಕದ ಒಂದು ಕಾರ್ಡ್ ಸೇರಿಸಿ, ಅದು ಕೈಗೆ ಬಂದ ದಿನ ಎದುರಾಳಿಯನ್ನು ಬೆಚ್ಚಿಬೀಳಿಸುವ ಖುಷಿ ಇತ್ತಲ್ವಾ. ಮೂರನೇ ಟೂರ್ನಿಯಲ್ಲಿ ಆ ಖುಷಿ ಹೋಯಿತು. ಎರಡನೇ ಸುತ್ತಿನ ಎದುರಾಳಿ, ನನ್ನ ಆ ಕಾರ್ಡ್ ಬರುತ್ತೆ ಅಂತ ಮೊದಲೇ ಗೊತ್ತಿದ್ದವನ ಹಾಗೆ ಆಡಿದ. ಆಮೇಲೆ ತಿಳಿಯಿತು, ಮೊದಲ ಸುತ್ತಿನಲ್ಲಿ ನನ್ನ ಎದುರು ಸೋತವನು ಅವನ ಗೆಳೆಯ. ಒಂದೇ ಗುಂಪಿನ ಆರು ಜನ ಸೇರಿ ಆಡುತ್ತಿದ್ದರು. ನಿಯಮ ಮುರಿದಿರಲಿಲ್ಲ, ಬಿಡಿ. ಆದರೆ ಮೈಸೂರಿನ ಬಾಡಿಗೆ ರೂಮಿನಲ್ಲಿ ಒಬ್ಬನೇ ಕೂತು ಆಡುತ್ತಿದ್ದ ನನಗೆ ಅವರ ಲಿಸ್ಟ್ ತಿಳಿಸುವವರು ಯಾರಿದ್ದರು? ಮುಚ್ಚಿಟ್ಟ ಲಿಸ್ಟ್ ಎಲ್ಲರಿಗೂ ಮುಚ್ಚಿರುವುದಿಲ್ಲ. ಗುಂಪು ಇಲ್ಲದವನಿಗೆ ಮಾತ್ರ ಮುಚ್ಚಿರುತ್ತದೆ. ಟೂರ್ನಿ ಅಂದಮೇಲೆ ಲಿಸ್ಟ್ ತೆರೆದೇ ಇರಬೇಕು ಅಂತ ನಾನು ಈಗ ಹಟ ಹಿಡಿದು ವಾದಿಸುವುದು ಇದೇ ಕಾರಣಕ್ಕೆ. 2019ರ ಏಪ್ರಿಲ್‌ನಲ್ಲಿ ಲಂಡನ್ನಿನ ಮಿಥಿಕ್ ಚಾಂಪಿಯನ್‌ಶಿಪ್‌ನಲ್ಲಿ ಮ್ಯಾಜಿಕ್ ಅನ್ನುವ ಇನ್ನೊಂದು ಕಾರ್ಡ್ ಆಟದವರು ಲಿಸ್ಟ್ ತೆರೆದಿಟ್ಟು ಆಡಿದಾಗ ನನಗೆ ತುಂಬಾ ಖುಷಿಯಾಗಿತ್ತು.

ಹಾಗಂತ ಲಿಸ್ಟ್ ಸಿಕ್ಕ ಕೂಡಲೇ ನನ್ನ ಆಟ ಸುಧಾರಿಸಲಿಲ್ಲ. ಮೊದಲ ಓಪನ್ ಲಿಸ್ಟ್ ಟೂರ್ನಿಯಲ್ಲಿ ನನ್ನದು ಆಡ್ ಪಾಲಡಿನ್. ಪಾಲಡಿನ್ ಕ್ಲಾಸಿನ, ಬೆಸ ಸಂಖ್ಯೆಯ ಮಾನಾದ ಕಾರ್ಡ್‌ಗಳು ಮಾತ್ರ ಇರುವ ಡೆಕ್ ಅದು. ಮಾನಾ ಅಂದರೆ ಕಾರ್ಡ್ ಆಡಲು ತೆರುವ ಬೆಲೆ, ಅದು ಟರ್ನ್‌ಗೆ (ಸರದಿಗೆ) ಒಂದೊಂದರಂತೆ ಹೆಚ್ಚುತ್ತಾ ಹೋಗುತ್ತದೆ. ಬಾಕು ಅನ್ನುವ ಕಾರ್ಡಿನ ದೆಸೆಯಿಂದ ಹೀರೋ ಪವರ್ (ಕ್ಲಾಸಿನ ವಿಶೇಷ ಶಕ್ತಿ) ಒತ್ತಿದಾಗಲೆಲ್ಲ ಎರಡೆರಡು ಪುಟ್ಟ ಸೈನಿಕರು ಬೋರ್ಡಿಗೆ ಬರುತ್ತಾರೆ. (ಆಟ ಶುರುವಾಗುತ್ತಲೇ ಬಾಕು ಮುಖ ತೋರಿಸುವುದರಿಂದ ಈ ಡೆಕ್ ಹೇಗೂ ಅರ್ಧ ತೆರೆದಂತೆಯೇ.) ಎದುರು ಮೇಜ್ (ಮಾಂತ್ರಿಕ) ಕ್ಲಾಸಿನವನೊಬ್ಬ. ಅವನ ಲಿಸ್ಟ್ ನೋಡಿದೆ, ಎದುರಿನ ಸೈನಿಕರಿಗೆಲ್ಲ ಒಟ್ಟಿಗೇ ಪೆಟ್ಟು ಕೊಡುವ ಫ್ಲೇಮ್‌ಸ್ಟ್ರೈಕ್ ಮಂತ್ರ ಇರಲಿಲ್ಲ. ಇನ್ನೇನು ಭಯ ಅಂತ ಬೋರ್ಡ್ ತುಂಬಿಸಿದೆ. ಅವನ ಐದನೇ ಟರ್ನ್. ಬಿತ್ತು ಫ್ಲೇಮ್‌ಸ್ಟ್ರೈಕ್. ನನ್ನ ಎಲ್ಲ ಸೈನಿಕರಿಗೂ ನಾಲ್ಕು ನಾಲ್ಕು ಪೆಟ್ಟು, ಬೋರ್ಡ್ ಖಾಲಿ.

ಆಗಿದ್ದು ಇಷ್ಟೇ. ಅವನ ಲಿಸ್ಟಿನಲ್ಲಿ ಪ್ರೈಮಾರ್ಡಿಯಲ್ ಗ್ಲಿಫ್ ಇತ್ತು. ಅದು ಮೂರು ಮಂತ್ರ ತೋರಿಸಿ ಒಂದನ್ನು ಆರಿಸಿಕೊಳ್ಳಲು ಬಿಡುತ್ತದೆ, ಆರಿಸಿದ್ದರ ಬೆಲೆ ಎರಡು ಮಾನಾ ಕಡಿಮೆಯಾಗುತ್ತದೆ. ಏಳು ಮಾನಾದ ಫ್ಲೇಮ್‌ಸ್ಟ್ರೈಕ್ ಐದಕ್ಕೇ ಬಂತು. ನಾನು ಗ್ಲಿಫ್ ಅನ್ನೂ ಓದಿದ್ದೆ. ಆದರೆ ಅದರೊಳಗಿಂದ ಏನೇನು ಬರಬಹುದು ಅಂತ ಯೋಚಿಸಿರಲಿಲ್ಲ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಎದುರಾಳಿಯ ಒಂದು ಡೆಕ್‌ಗೆ ಒಂದು ಪುಟ. ಎಡಗಡೆ ಮಾನಾ ಪ್ರಕಾರ ಕಾರ್ಡ್‌ಗಳ ಹೆಸರು, ಪಕ್ಕದಲ್ಲಿ ಎಷ್ಟು ಪ್ರತಿ ಅಂತ ಒಂದು ಅಥವಾ ಎರಡು ಗೀಟು. ಅವನು ಆಡಿದ ಹಾಗೆ ಆ ಗೀಟನ್ನು ಹೊಡೆದುಹಾಕುತ್ತಾ ಹೋಗುವುದು. ಬಲಗಡೆ ಕೆಂಪು ಪೆನ್ನಿನಲ್ಲಿ ಲಿಸ್ಟಿನಲ್ಲಿ ಇಲ್ಲದ್ದನ್ನು ತರಬಲ್ಲ ಕಾರ್ಡ್‌ಗಳು. ಒಂದು ಟರ್ನ್‌ಗೆ ಸಿಗುವುದು 75 ಸೆಕೆಂಡ್, ಆಗ ಹುಡುಕುತ್ತಾ ಕೂರಲು ಆಗುವುದಿಲ್ಲ. ಪುಟ ಮೊದಲೇ ತಯಾರಿರಬೇಕು.

ಸುಳ್ಯದ ಮನೆಯಲ್ಲಿ ದೊಡ್ಡಪ್ಪ ಇಸ್ಪೀಟಿನಲ್ಲಿ ಇಪ್ಪತ್ತೆಂಟು ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಆ ಆಟದ 32 ಎಲೆ ಯಾವುವು ಅಂತ ಎಲ್ಲರಿಗೂ ಗೊತ್ತು. ಗುಟ್ಟು ಇರುವುದು ಯಾರ ಕೈಯಲ್ಲಿ ಏನಿದೆ ಅನ್ನುವುದರಲ್ಲಿ, ಮತ್ತೆ ಮಗುಚಿಟ್ಟ ತುರುಪಿನಲ್ಲಿ. "ಜಾಕಿ ಎಷ್ಟು ಹೋಯ್ತು ಮಾರಾಯ?" ಅಂತ ಅವರು ನಡುವೆ ನನ್ನನ್ನು ಕೇಳುತ್ತಿದ್ದರು, ಪರೀಕ್ಷೆ ಮಾಡುವ ಹಾಗೆ. ಓಪನ್ ಲಿಸ್ಟ್ ಆಡುವಾಗ ನನಗೆ ಸುಮ್ನೆ ಆ ಪ್ರಶ್ನೆ ನೆನಪಾಗುತ್ತಿತ್ತು.

ಲೆಕ್ಕ ಎಷ್ಟು ಮುಖ್ಯ ಅಂತ ಅರಿವಾದದ್ದು ವಾರಿಯರ್ ಕ್ಲಾಸಿನವರ ಎದುರು. ಅವರ ಬ್ರಾಲ್ ಐದು ಮಾನಾದ ಕಾರ್ಡ್, ಬೋರ್ಡಿನಲ್ಲಿ ಯಾವುದೋ ಒಬ್ಬನನ್ನು ಉಳಿಸಿ ಮಿಕ್ಕವರನ್ನೆಲ್ಲ ಮುಗಿಸುತ್ತದೆ. ಲಿಸ್ಟ್ ಕಾಣದಿದ್ದಾಗ ಎರಡು ಇದೆ ಅಂತಲೇ ಹೆದರಿ ಸೈನಿಕರನ್ನು ಕೈಯಲ್ಲೇ ಹಿಡಿದಿಡುತ್ತಿದ್ದೆ. ಈಗ ಎಣಿಸಬಹುದು. ಮೊದಲು ಆಡುವವನು ಐದನೇ ಟರ್ನ್ ಹೊತ್ತಿಗೆ ಎಂಟು ಕಾರ್ಡ್ ನೋಡಿರುತ್ತಾನೆ. ಡೆಕ್‌ನಲ್ಲಿ ಬ್ರಾಲ್ ಒಂದೇ ಇದ್ದರೆ ಅದು ಬಂದಿರುವ ಸಾಧ್ಯತೆ ಸುಮಾರು 27 ಶೇಕಡಾ. ಎರಡಿದ್ದರೆ ಸುಮಾರು 47. ಶುರುವಿನಲ್ಲಿ ಬೇಡದ ಕಾರ್ಡ್ ಬದಲಿಸುವ ಅವಕಾಶ ಇರುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಒಂದೇ ಬ್ರಾಲ್ ಇದ್ದವನ ಎದುರು ನಾನು ಬೋರ್ಡ್ ತುಂಬಿಸುತ್ತೇನೆ. ಎರಡಿದ್ದವನ ಎದುರು ಇಬ್ಬರು ಸೈನಿಕರನ್ನಾದರೂ ಕೈಯಲ್ಲಿ ಉಳಿಸಿಕೊಳ್ಳುತ್ತೇನೆ.

ಡೆಕ್ ಕಟ್ಟುವ ರೀತಿಯೂ ಬದಲಾಯಿತು. ಲಿಸ್ಟ್ ತೆರೆದಿಟ್ಟರೆ ಅಪರೂಪದ ಕಾರ್ಡ್ ದಂಡ ಅಂತ ಮೊದಲು ಅಂದುಕೊಂಡಿದ್ದೆ. ಬಿಗ್ ಗೇಮ್ ಹಂಟರ್ ಅಂತ ಒಂದಿದೆ, ಆಗ ಐದು ಮಾನಾ, ಏಳು ಅಥವಾ ಅದಕ್ಕಿಂತ ಜಾಸ್ತಿ ಬಲದ ಒಂದು ದೊಡ್ಡ ಪ್ರಾಣಿಯನ್ನು ಬಂದ ಕೂಡಲೇ ಕೊಲ್ಲುತ್ತದೆ. ತೆಗೆದುಬಿಡೋಣ ಅಂತಿದ್ದವನು ಯಾಕೋ ಒಂದು ಪ್ರತಿ ಬಿಟ್ಟೆ. ಮುಂದಿನ ಟೂರ್ನಿಯ ಕೊನೇ ಆಟದಲ್ಲಿ ಎದುರಿಗೆ ಡ್ರೂಯಿಡ್. ಅವನ ಲಿಸ್ಟಿನಲ್ಲಿ ಎಂಟು ಮಾನಾದ ಲಿಚ್ ಕಿಂಗ್, ಬಲವೂ ಎಂಟು, ಟಾಂಟ್ ಬೇರೆ. ಅದು ಇಳಿದರೆ ನನ್ನ ಪುಟ್ಟ ಸೈನಿಕರು ಅದನ್ನು ದಾಟಿ ಹೋಗುವ ಹಾಗಿಲ್ಲ. ಎಂಟನೇ ಟರ್ನ್ ಬಂತು. ಅವನು ಸಣ್ಣದೇನೋ ಆಡಿದ. ಒಂಬತ್ತರಲ್ಲೂ ಅದೇ. ಹತ್ತರ ಹೊತ್ತಿಗೆ ನಾನು ಗೆದ್ದಾಗಿತ್ತು.

ಆಟ ಮುಗಿದ ಮೇಲೆ ಅವನೇ ಚಾಟ್‌ನಲ್ಲಿ ಬರೆದ, ಲಿಚ್ ಕಿಂಗ್ ಕೈಯಲ್ಲೇ ಇತ್ತು, ಹಂಟರ್ ಬರುತ್ತೆ ಅಂತ ಹಿಡಿದಿಟ್ಟೆ ಅಂತ. ನಾನು ನೋಟ್‌ಬುಕ್ ಮುಚ್ಚಿ ಉತ್ತರ ಬರೆದೆ. ಹಂಟರ್ ಇನ್ನೂ ನನ್ನ ಡೆಕ್‌ನಲ್ಲೇ ಇತ್ತು, ಒಮ್ಮೆಯೂ ಕೈಗೆ ಬಂದಿರಲಿಲ್ಲ.